ತಾಯಿ ಮಲಗುವ ಜಾಗ: ದಿನ ತುಂಬದ ಒಂದು ಕೂಸಿನ 52 ದಿನ

ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ನನ್ನ ಮೇಜಿಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ತಾಯಿ ಸರಿಯಾಗಿ ಬರುತ್ತಿಲ್ಲ, ಹಾಲು ಕಡಿಮೆ, ಕೌನ್ಸೆಲಿಂಗ್ ಬೇಕು." ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಇಂಥ ಚೀಟಿಗಳು ನನಗೆ ಹೊಸದಲ್ಲ. ಹೋಗುವುದು, ತಾಯಿಯನ್ನು ಕೂರಿಸಿಕೊಂಡು ಎದೆಹಾಲಿನ ಮಹತ್ವ ವಿವರಿಸುವುದು, ಫೈಲಿನಲ್ಲಿ "ತಿಳಿಹೇಳಲಾಗಿದೆ" ಎಂದು ಬರೆದು ಸಹಿ ಹಾಕುವುದು. ಈ ಸಲವೂ ಅದಕ್ಕೇ ಹೊರಟಿದ್ದೆ.

ಆಕೆ ಸಿಕ್ಕಿದ್ದು ಎರಡನೇ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ. ಗೋಡೆಗೆ ಮುಖ ಮಾಡಿ ಕೂತು, ಹೆಗಲ ಮೇಲೆ ಟವೆಲ್ ಹೊದ್ದು, ಕೈಪಂಪಿನಿಂದ ಹಾಲು ತೆಗೆಯುತ್ತಿದ್ದಳು. ಮೇಲಿನಿಂದ ಯಾರಾದರೂ ಇಳಿದರೆ ಪಂಪಿನ ಕಿರುಗುಟ್ಟುವ ಸದ್ದು ನಿಲ್ಲುತ್ತಿತ್ತು, ಅವರು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಬಾಟಲಿಯ ತಳದಲ್ಲಿ ಒಂದು ಬೆರಳಿನಷ್ಟೂ ಹಾಲಿರಲಿಲ್ಲ. ಸಿಸೇರಿಯನ್ ಆಗಿ ಅಂದಿಗೆ ಹತ್ತನೇ ದಿನ.

"ಯಾಕಮ್ಮ ಇಲ್ಲಿ ಕೂತಿದ್ದೀರಿ?" ಎಂದೆ.

"ಎಲ್ಲಿ ಕೂರಲಿ ಮೇಡಂ?" ಎಂದಳು. ಅದು ಕೋಪದ ಮಾತಾಗಿರಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮಗುವಿನ ಚಿಕಿತ್ಸೆಯಲ್ಲಿ ಅಂಥ ವಿಶೇಷವೇನೂ ನಡೆಯಲಿಲ್ಲ. ಬರೆಯಲು ಕಾರಣ ತಾಯಿಯ ಮಂಚ, ಮತ್ತು ಅದನ್ನು ಹುಡುಕುವಾಗ ನಾನೇ ಮಾಡಿದ ತಪ್ಪು.

ಐದು ದಿನ ಮತ್ತು ಐವತ್ತು ದಿನ

ತಾಯಿಗೆ 27 ವರ್ಷ, ಎರಡನೇ ಹೆರಿಗೆ. ದೊಡ್ಡ ಮಗನಿಗೆ 4 ವರ್ಷ. ಗಂಡ ಮೆಕ್ಯಾನಿಕ್, ದುಡಿದ ದಿನಕ್ಕಷ್ಟೇ ಕೂಲಿ. 29ನೇ ವಾರಕ್ಕೆ ರಕ್ತದೊತ್ತಡ ವಿಪರೀತ ಏರಿತು. ಊರಿನ ಆಸ್ಪತ್ರೆಯಲ್ಲಿ ಇಷ್ಟು ಎಳೆಯ ಮಗುವನ್ನು ನೋಡಿಕೊಳ್ಳುವ ಸೌಲಭ್ಯ ಇರಲಿಲ್ಲವಾದ್ದರಿಂದ 140 ಕಿಲೋಮೀಟರ್ ದೂರದ ನಮ್ಮಲ್ಲಿಗೆ ಕಳಿಸಿದರು. ತುರ್ತು ಸಿಸೇರಿಯನ್ ಆಯಿತು. ಹೆಣ್ಣುಮಗು, 1,120 ಗ್ರಾಂ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಜಗತ್ತಿನಲ್ಲಿ ಹುಟ್ಟುವ ಸುಮಾರು ಹತ್ತು ಮಕ್ಕಳಲ್ಲಿ ಒಂದು ಹೀಗೆ ಬರುತ್ತದೆ. 2020ರ ಅಂದಾಜು 1 ಕೋಟಿ 34 ಲಕ್ಷ. ಅವುಗಳಲ್ಲಿ 32 ವಾರಕ್ಕೂ ಮೊದಲೇ ಬಂದವಕ್ಕೆ ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡುವ ಶಕ್ತಿಯೇ ಬಂದಿರುವುದಿಲ್ಲ. ಈ ಕೂಸಿಗೂ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಬಾಯಿಯಿಂದ ಹೊಟ್ಟೆಗೆ ಸಪೂರ ನಳಿಗೆ, ಸುತ್ತ ಇನ್‌ಕ್ಯುಬೇಟರಿನ ಗಾಜು. ನಳಿಗೆಯಲ್ಲಿ ಮೊದಲು ಬಿಟ್ಟದ್ದು ಎರಡು ಗಂಟೆಗೊಮ್ಮೆ 1 ಮಿಲಿಲೀಟರ್ ಹಾಲು.

ಐದನೇ ದಿನ ತಾಯಿಯ ರಕ್ತದೊತ್ತಡ ಹತೋಟಿಗೆ ಬಂತು, ಹೊಲಿಗೆ ಚೆನ್ನಾಗಿದೆ ಎಂದರು, ಡಿಸ್ಚಾರ್ಜ್ ಮಾಡಿದರು. ಗಂಟು ಬಿದ್ದದ್ದು ಇಲ್ಲೇ. ಅಂದು ಬೆಳಿಗ್ಗೆಯವರೆಗೆ ಆಕೆಗೊಂದು ಹಾಸಿಗೆ, ಊಟ, ಫೈಲು, ಹೆಸರು ಇದ್ದವು. ಮಧ್ಯಾಹ್ನದ ಹೊತ್ತಿಗೆ ಆಕೆ "ಪೇಷಂಟ್ ಕಡೆಯವರು". ಮಗುವಿನ ಕಾಲಿನ ಪಟ್ಟಿಯ ಮೇಲೆ ಆಕೆಯ ಹೆಸರೇ ಇದೆ, ಆದರೆ ರಿಜಿಸ್ಟರಿನಲ್ಲಿ ಆಕೆ ಸಂದರ್ಶಕಿ. ಇಂಥ ಮಕ್ಕಳು ಮನೆಗೆ ಹೋಗುವುದು ಹೆಚ್ಚು ಕಡಿಮೆ ಮೊದಲು ಹೇಳಿದ್ದ ಹೆರಿಗೆ ದಿನಾಂಕದ ಆಸುಪಾಸಿಗೆ, ಅಥವಾ ಎರಡು ಮೂರು ವಾರ ಮುಂಚೆ. ಹಾಗಾದರೆ ತಾಯಿಗೆ ಐದು ದಿನದ ಹಾಸಿಗೆ, ಮಗುವಿಗೆ ಐವತ್ತು ದಿನದ್ದು. ನಡುವಿನ ನಲವತ್ತೈದು ದಿನ ಯಾವ ವಿಭಾಗದ ಲೆಕ್ಕಕ್ಕೂ ಸೇರಿಲ್ಲ. ಪ್ರಸೂತಿ ವಿಭಾಗದವರು "ನಮ್ಮ ಪೇಷಂಟ್ ಹೋದರು" ಎನ್ನುತ್ತಾರೆ, ಮಕ್ಕಳ ವಿಭಾಗದವರು "ನಮ್ಮ ಪೇಷಂಟ್ ಮಗು" ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ.

ಮೊದಲ ಎರಡು ರಾತ್ರಿ ಆಕೆ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕಳೆದಳು. ಪಾದ ಊದಿಕೊಂಡವು. ಕಾವಲುಗಾರ ಎರಡು ಸಲ ಎಬ್ಬಿಸಿದ. ಮೂರನೇ ದಿನ ಯಾರೋ ನನಗೆ ಹೇಳಿದರು, ನಾನು ಓಡಾಡಿ 4 ಕಿಲೋಮೀಟರ್ ದೂರದ ಧರ್ಮಛತ್ರವೊಂದರ ಹೆಂಗಸರ ಕೋಣೆಯಲ್ಲಿ ಮಂಚ ಕೊಡಿಸಿದೆ. ಶುಚಿಯಾದ ಜಾಗ, ಒಳ್ಳೆಯ ಜನ. ವಾರದ ವರದಿಯಲ್ಲಿ "ವಸತಿ ಸಮಸ್ಯೆ ಬಗೆಹರಿದಿದೆ" ಎಂದು ಬರೆದೆ. ಆ ವಾಕ್ಯ ಬರೆದಾಗ ನನಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಚೆಲ್ಲುವ ಹಾಲು

ಮೆಟ್ಟಿಲ ಮೇಲೆ ಕೂತು ಆಕೆ ವಿವರಿಸಿದ್ದು ಹೀಗೆ: "ಒಂಬತ್ತೂವರೆಗೆ ಗೇಟ್ ಹಾಕ್ತಾರೆ ಮೇಡಂ. ಬೆಳಿಗ್ಗೆ ಮೊದಲ ಬಸ್ಸು ಆರಕ್ಕೆ. ರಾತ್ರಿ ಹಾಲು ತೆಗೆದ್ರೆ ಇಡೋಕೆ ಫ್ರಿಜ್ ಇಲ್ಲ. ಮೊದಲೆರಡು ದಿನ ತೆಗೆದು ಚೆಲ್ಲಿದೆ. ಚೆಲ್ಲೋದಕ್ಕೆ ಯಾಕೆ ಎದ್ದು ಕೂತ್ಕೋಬೇಕು ಅಂತ ಈಗ ಏಳ್ತಾನೂ ಇಲ್ಲ. ಪಕ್ಕದ ಮಂಚದವ್ರಿಗೂ ನಿದ್ದೆ ಕೆಡತ್ತೆ."

ಕೋಣೆಯ ಬಿಸಿಯಲ್ಲಿ ತಾಜಾ ಎದೆಹಾಲು ಬಾಳುವುದು ಸುಮಾರು 4 ಗಂಟೆ. ಮಗು ಬಾಯಿ ಹಚ್ಚಿ ಕುಡಿಯದಿರುವಾಗ ಹಾಲು ನಿಲ್ಲದಿರಬೇಕಾದರೆ ದಿನಕ್ಕೆ ಎಂಟು ಸಲವಾದರೂ ತೆಗೆಯಬೇಕು, ಅದರಲ್ಲಿ ಒಂದಾದರೂ ನಡುರಾತ್ರಿಯದಾಗಬೇಕು. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚು. ಮೊದಲ ಎರಡು ವಾರದಲ್ಲಿ ದಿನಕ್ಕೆ 500 ಮಿಲಿಲೀಟರಿನ ಹತ್ತಿರ ತಲುಪಿದರೆ ಮುಂದಿನ ದಾರಿ ಸುಲಭ. ಆ ಹೊತ್ತಿನಲ್ಲಿ ಬತ್ತಿದ್ದನ್ನು ಆಮೇಲೆ ಹೆಚ್ಚಿಸುವುದು ಬಲು ಕಷ್ಟ. ದಾಖಲೆ ತೆಗೆದು ನೋಡಿದೆ. 5ನೇ ದಿನ 210 ಮಿಲಿಲೀಟರ್. 7ನೇ ದಿನ 170. 10ನೇ ದಿನ 115. ಮಗುವಿನ ತೂಕ ಅಂದು 1,050 ಗ್ರಾಂ, ಪೂರ್ತಿ ಹಾಲಿಗೆ ಬಂದರೆ ದಿನಕ್ಕೆ ಸುಮಾರು 160 ಬೇಕು. ಅಂದರೆ ಒಂದು ಕಿಲೋ ತೂಗುವ ಕೂಸಿಗೂ ಸಾಲದಷ್ಟಕ್ಕೆ ಇಳಿದಿತ್ತು. ನಾನು ಬಗೆಹರಿಸಿದ ವಸತಿ ಸಮಸ್ಯೆ ಹೀಗೆ ನಳಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಇಷ್ಟು ಎಳೆಯ ಮಕ್ಕಳಲ್ಲಿ ಕರುಳು ಕೊಳೆಯುವಂಥ ಕಾಯಿಲೆಯನ್ನು ದೂರವಿಡುವುದರಲ್ಲಿ ಎದೆಹಾಲಿನಷ್ಟು ಕೆಲಸ ಮಾಡುವ ವಸ್ತು ನಮ್ಮಲ್ಲಿ ಬೇರೆ ಇಲ್ಲ.

ಚೀಟಿಯ ಹಿಂಬದಿಯಲ್ಲಿ ನಾನು ಬರೆದದ್ದು: "ತಾಯಿಗೆ ಕೌನ್ಸೆಲಿಂಗ್ ಬೇಡ. ಮಂಚ ಬೇಕು, ಇದೇ ಮಹಡಿಯಲ್ಲಿ."

ಹಳೆಯ ಫೈಲುಗಳ ಕೋಣೆ

ಎನ್‌ಐಸಿಯು ಬಾಗಿಲಿನಿಂದ 90 ಹೆಜ್ಜೆ ದೂರದಲ್ಲಿ ಹಳೆಯ ಕಡತಗಳನ್ನು ತುಂಬಿಟ್ಟ ಕೋಣೆಯಿತ್ತು. (ಹೆಜ್ಜೆ ಎಣಿಸಿದ್ದು ನಾನೇ, ಎರಡು ಸಲ.) ಅದನ್ನು ತಾಯಂದಿರಿಗೆ ಕೊಡಿ ಎಂದು ಸಿಸ್ಟರ್‌ಗಳು ಹಿಂದೆಯೂ ಕೇಳಿದ್ದರು, ಉತ್ತರ ಬಂದಿರಲಿಲ್ಲ. ಈ ಸಲ ಮೂರು ಸಂಗತಿ ಜೊತೆಗಿಟ್ಟುಕೊಂಡು ಆಡಳಿತದವರ ಮುಂದೆ ಕೂತೆವು.

ಮೊದಲನೆಯದು ಹಳೆಯ ಕಥೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಆಮೇಲೆ ಅವರ ಜೊತೆ ಹೆಕ್ಟರ್ ಮಾರ್ಟಿನೆಜ್, ಇನ್‌ಕ್ಯುಬೇಟರ್ ಸಾಲದೆ ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಬೇಕಾಗಿ ಬಂದ ಘಟಕದಲ್ಲಿ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಇಂದು ಕಾಂಗರೂ ಆರೈಕೆ ಎನ್ನುವುದು ಅದನ್ನೇ. ಮರುವರ್ಷ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಆಡಿಕ್ ಲೆವಿನ್ ಎಂಬ ವೈದ್ಯರು ದಾದಿಯರ ಕೊರತೆಯಿಂದ ತಾಯಂದಿರನ್ನೇ ದಿನವಿಡೀ ಮಗುವಿನ ಪಕ್ಕ ಉಳಿಸಿಕೊಂಡರು. ಎರಡೂ ಕಡೆ ತಾಯಿಯನ್ನು ಒಳಗೆ ಕರೆದದ್ದು ಕೊರತೆ.

ಎರಡನೆಯದು ಗಟ್ಟಿ ಲೆಕ್ಕ. ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ 1ರಿಂದ 1.8 ಕಿಲೋ ಒಳಗಿನ ಸುಮಾರು 3,200 ಮಕ್ಕಳಿದ್ದವು. ಮೈ ಸ್ಥಿರವಾಗಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ. 12.0, ಕಾದ ಗುಂಪಿನಲ್ಲಿ ಶೇ. 15.7. ಆದರೆ ಆ ಲೆಕ್ಕದ ಹಿಂದೆ ಒಂದು ಸಣ್ಣ ವಿವರವಿದೆ: ಮೊದಲ ಗುಂಪಿನ ಮಕ್ಕಳು ಘಟಕದಲ್ಲಿದ್ದಾಗ ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು, ಎರಡನೆಯ ಗುಂಪಿನವು ಒಂದೂವರೆ ಗಂಟೆ. 17 ಗಂಟೆ ಸಾಧ್ಯವಾಗಬೇಕಾದರೆ ತಾಯಿಯ ಮಂಚ ಎನ್‌ಐಸಿಯು ಒಳಗೇ ಇರಬೇಕು, ಆ ಆಸ್ಪತ್ರೆಗಳಲ್ಲಿ ಹಾಗೆಯೇ ಮಾಡಿದ್ದರು. ಇದನ್ನು ಎಲ್ಲರೂ ಔಷಧಿಯ ಫಲಿತಾಂಶದಂತೆ ಓದುತ್ತಾರೆ, ನಾನು ಕಟ್ಟಡದ ನಕ್ಷೆಯಂತೆ ಓದುತ್ತೇನೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿ ತಕ್ಷಣದ ಕಾಂಗರೂ ಆರೈಕೆಯನ್ನೂ ಕುಟುಂಬದ ಪಾಲ್ಗೊಳ್ಳುವಿಕೆಯನ್ನೂ ಸೇರಿಸಿತು.

ಇವೆರಡಕ್ಕೂ ಆಡಳಿತಾಧಿಕಾರಿಗಳು ತಲೆದೂಗಿ ಸುಮ್ಮನಿದ್ದರು. ಕಣ್ಣರಳಿದ್ದು ಮೂರನೆಯದಕ್ಕೆ. 2010ರಲ್ಲಿ ಪ್ರಕಟವಾದ ಸ್ಟಾಕ್‌ಹೋಮ್‌ನ ಅಧ್ಯಯನದಲ್ಲಿ, ತಂದೆತಾಯಿ ದಾಖಲಾತಿಯಿಂದ ಡಿಸ್ಚಾರ್ಜ್‌ವರೆಗೆ ಘಟಕದಲ್ಲೇ ಉಳಿಯಬಹುದಾದ ಗುಂಪಿನ ಮಕ್ಕಳು ಸರಾಸರಿ 27.4 ದಿನಕ್ಕೆ ಮನೆಗೆ ಹೋದವು, ಉಳಿದವು 32.8 ದಿನಕ್ಕೆ. ಐದು ದಿನ ಉಳಿತಾಯ. "ಒಂದು ಇನ್‌ಕ್ಯುಬೇಟರಿಗೆ ಐದು ದಿನ..." ಎಂದು ಅವರು ಪೆನ್ನು ತೆಗೆದರು. ಯಾರಿಗೆ ಯಾವ ಭಾಷೆ ಅರ್ಥವಾಗುತ್ತದೋ ಆ ಭಾಷೆಯಲ್ಲಿ ಕೇಳಬೇಕು, ಇದರಲ್ಲಿ ನನಗೆ ಮುಜುಗರವಿಲ್ಲ.

ಆಕ್ಷೇಪಗಳು ಬಂದವು. ಸೋಂಕು? ಕೈ ತೊಳೆದ ತಾಯಿಗಿಂತ ದಿನಕ್ಕೆ ಹಲವು ಮಕ್ಕಳನ್ನು ಮುಟ್ಟುವ ನಮ್ಮ ಕೈಗಳೇ ಹೆಚ್ಚು ಅಪಾಯ ಎಂದು ಘಟಕದ ವೈದ್ಯರೇ ಹೇಳಿದರು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: "ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ." ಕೇಳುತ್ತಾರೆ, ಕೇಳಬೇಕಾದವರೇ. ಕೋಣೆಯಲ್ಲಿ ನಾಲ್ಕು ಮಂಚ ಹಿಡಿಯುತ್ತವೆ, ಒಳಗಿರುವ ಮಕ್ಕಳು ಹದಿನೆಂಟು. ನಾವು ಮಾಡಿಕೊಂಡ ನಿಯಮವಿದು: ಮಗು ಇನ್ನೂ ನಳಿಗೆಯಲ್ಲಿ ಹಾಲು ಕುಡಿಯುತ್ತಿದ್ದರೆ ಮೊದಲ ಆದ್ಯತೆ, ಅವರಲ್ಲಿ ಮನೆ ದೂರವಿದ್ದವರಿಗೆ ಮುಂದಿನದು. "ಬಡವರಿಗೆ ಮೊದಲು" ಎಂದು ಬೇಕೆಂದೇ ಬರೆಯಲಿಲ್ಲ. ಹಾಗೆ ಬರೆದ ಕೂಡಲೇ ಅದು ದಾನವಾಗುತ್ತದೆ, ದಾನವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.

12ನೇ ದಿನ ಎರಡು ಮಂಚ ಬಂದವು. ಜೊತೆಗೆ ಒಂದು ಸಣ್ಣ ಫ್ರಿಜ್, ಕೈ ತೊಳೆಯುವ ತೊಟ್ಟಿ, ಪಂಪಿನ ಭಾಗ ತೊಳೆಯಲು ಬೇರೆ ಪಾತ್ರೆ, ಮತ್ತು ಎನ್‌ಐಸಿಯುಗೆ ನೇರ ಇಂಟರ್‌ಕಾಮ್. ಇವುಗಳಲ್ಲಿ ಯಾವುದು ಹೆಚ್ಚು ಮುಖ್ಯ ಎಂದು ಕೇಳಿದರೆ ನಾನು ಇಂಟರ್‌ಕಾಮ್ ಎನ್ನುತ್ತೇನೆ. ಅದು ಬಂದ ಮೇಲೆ ತಾಯಂದಿರು ಮಲಗಿದರು. ಕರೆಯುತ್ತಾರೆ ಎಂಬ ನಂಬಿಕೆ ಬರುವವರೆಗೆ ಯಾರಿಗೂ ನಿದ್ದೆ ಹತ್ತುವುದಿಲ್ಲ.

ಹಾಲು 14ನೇ ದಿನಕ್ಕೆ 240 ಮಿಲಿಲೀಟರಿಗೆ ಏರಿತು, 20ನೇ ದಿನಕ್ಕೆ 430ಕ್ಕೆ. ಇದೆಲ್ಲ ಮಂಚದ್ದೇ ಪವಾಡ ಎನ್ನಲಾರೆ. ಅದೇ ವಾರ ಆಕೆಗೆ ಎರಡೂ ಕಡೆ ಒಟ್ಟಿಗೆ ಎಳೆಯುವ ಎಲೆಕ್ಟ್ರಿಕ್ ಪಂಪು ಸಿಕ್ಕಿತ್ತು. ಆದರೆ ಆ ಪಂಪು ನಡುರಾತ್ರಿ ಎರಡಕ್ಕೂ ಸಿಕ್ಕಿದ್ದು 90 ಹೆಜ್ಜೆಯಲ್ಲಿ ಇದ್ದುದರಿಂದ. ಕಾಂಗರೂ ಆರೈಕೆ ಛತ್ರದ ದಿನಗಳಲ್ಲಿ ದಿನಕ್ಕೆ ಹೆಚ್ಚೆಂದರೆ 40 ನಿಮಿಷ ಆಗುತ್ತಿತ್ತು. ಕೋಣೆ ಸಿಕ್ಕ ವಾರದಲ್ಲಿ 5 ಗಂಟೆ ದಾಟಿತು, ತಿಂಗಳ ಕೊನೆಗೆ 9 ಗಂಟೆ.

19ನೇ ರಾತ್ರಿ

ಹತ್ತಿರವಿದ್ದರೆ ಎಲ್ಲ ಸುಖ ಎಂದು ತಿಳಿಯಬೇಡಿ. 19ನೇ ರಾತ್ರಿ 2.40ಕ್ಕೆ ಇಂಟರ್‌ಕಾಮ್ ಬಡಿಯಿತು. ಮಗು ಪದೇಪದೇ ಉಸಿರು ಮರೆಯುತ್ತಿತ್ತು, ಬಣ್ಣ ಬದಲಾಗಿತ್ತು, ಸೋಂಕಿನ ಅನುಮಾನ. ಹಾಲು ನಿಲ್ಲಿಸಿದರು, ರಕ್ತ ತೆಗೆದರು, ಮತ್ತೆ ಸಿಪ್ಯಾಪ್ ಹಾಕಿದರು. ತಾಯಿ ಗಾಜಿನ ಕಿಂಡಿಯಿಂದ ಎರಡೂ ಕೈ ಒಳಗಿಟ್ಟು, ಒಂದು ಅಂಗೈಯಲ್ಲಿ ಮಗುವಿನ ನೆತ್ತಿ, ಇನ್ನೊಂದರಲ್ಲಿ ಮಡಿಸಿದ ಕಾಲುಗಳನ್ನು ಹಿಡಿದು ಬೆಳಗಿನವರೆಗೆ ನಿಂತಿದ್ದಳು. ಸವರಬೇಡಿ, ಅಲುಗಿಸಬೇಡಿ, ಸುಮ್ಮನೆ ಹಿಡಿದಿರಿ ಎಂದು ಸಿಸ್ಟರ್ ಹಿಂದೆಯೇ ಕಲಿಸಿದ್ದರು. ಸಹಿ ಹಾಕಬೇಕಾದ ಕಾಗದ ಬಂದಾಗ ಗಂಡನಿಗೆ ಫೋನ್ ಮಾಡಿದಳು. 140 ಕಿಲೋಮೀಟರ್ ಆಚೆ ಆತ ಎದ್ದು ಕೂತು "ಡಾಕ್ಟ್ರು ಹೇಳಿದ್ ಹಾಗೆ ಮಾಡು" ಎಂದನಂತೆ. ಮೂರು ದಿನದ ಮೇಲೆ ಮಗು ಚೇತರಿಸಿಕೊಂಡಿತು.

ಅದೇ ವಾರ ಪಕ್ಕದ ಮಂಚದ ತಾಯಿಯ ಮಗು ಉಳಿಯಲಿಲ್ಲ. ಮಗು ಹೋದ ಮೇಲೆ ಆ ತಾಯಿ ಎಷ್ಟು ಹೊತ್ತು ಆ ಕೋಣೆಯಲ್ಲಿ ಇರಬಹುದು ಎಂಬುದಕ್ಕೆ ನಮ್ಮ ಹತ್ತಿರ ನಿಯಮವೇ ಇರಲಿಲ್ಲ. ಮುಂದಿನ ಹೆಸರು ಪಟ್ಟಿಯಲ್ಲಿ ಕಾದಿತ್ತು. ಆಕೆ ಬೆಳಿಗ್ಗೆ ತಾನಾಗಿಯೇ ಬಟ್ಟೆ ಮಡಿಸಿಕೊಂಡು ಹೊರಟಳು, ಫ್ರಿಜ್ಜಿನಲ್ಲಿ ಆಕೆಯ ಹೆಸರು ಬರೆದ ಮೂರು ಬಾಟಲಿ ಉಳಿದವು. ಹಾಲು ನಿಲ್ಲಿಸುವುದು ಹೇಗೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಅಂಥ ತಾಯಿಗೆ ಬೇರೆ ಕೋಣೆಯಲ್ಲಿ ಎರಡು ರಾತ್ರಿ ಉಳಿಯುವ ಅವಕಾಶವಿದೆ, ಹಾಲಿನ ವಿಷಯಕ್ಕೆ ಒಬ್ಬ ಸಿಸ್ಟರ್ ಫೋನ್ ಮಾಡುತ್ತಾರೆ. ಈ ಪ್ರಕರಣ ನಡೆದಾಗ ಎರಡೂ ಇರಲಿಲ್ಲ.

ಲೆಕ್ಕಕ್ಕೆ ಬಾರದ ಇಬ್ಬರು

ತಾಯಿಗೆ ಜಾಗ ಸಿಕ್ಕಿತು ಎಂಬ ಸಮಾಧಾನದಲ್ಲಿ ಅಪ್ಪ ಮತ್ತು ಅಣ್ಣ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಪ್ಪ ಭಾನುವಾರ ಬಂದು ಸಂಜೆ ಹೋಗುತ್ತಿದ್ದ, ಒಳಗೆ ಬಿಡುತ್ತಿದ್ದುದು ಅರ್ಧ ಗಂಟೆ. ಬ್ರಿಟನ್ನಿನಲ್ಲಿ 2023ರ ಕಾಯ್ದೆಯೊಂದು 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ: ಮಗು ಸತತ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ನವಜಾತ ಘಟಕದಲ್ಲಿದ್ದರೆ ನೌಕರಿಯಲ್ಲಿರುವ ತಂದೆಗೂ ತಾಯಿಗೂ 12 ವಾರದವರೆಗೆ ಹೆಚ್ಚುವರಿ ರಜೆ. ದಿನಗೂಲಿಯವನಿಗೆ ಅಂಥ ಕಾಯ್ದೆಯೂ ತಲುಪುವುದು ಅನುಮಾನ.

ಮನೆಯಲ್ಲಿ ನಾಲ್ಕು ವರ್ಷದ ಹುಡುಗ ಮೂರನೇ ವಾರದಿಂದ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನೇ ನಿಲ್ಲಿಸಿದ. ಅಜ್ಜಿ ಕಿವಿಗೆ ಹಿಡಿದರೆ ಫೋನನ್ನು ತಳ್ಳುತ್ತಿದ್ದ. ತಾಯಿ ಇದನ್ನು ನನಗೆ ಹೇಳಿದ್ದು ಬಟ್ಟೆ ಒಣಗಿಸುತ್ತ, ಹೇಳಬಾರದ್ದನ್ನು ಹೇಳಿದವಳಂತೆ: "ಇವಳಿಗೋಸ್ಕರ ಅವನನ್ನ ಬಿಟ್ಟೆ ಅನ್ಸತ್ತೆ ಮೇಡಂ." ನಾವು ಗಂಟೆ ಲೆಕ್ಕ ಹಾಕಿ ಸಂಭ್ರಮಿಸಿದ ಕಾಂಗರೂ ಆರೈಕೆಯ ಬೆಲೆ ಆ ಹುಡುಗನ ಕಡೆಯಿಂದಲೂ ಸಂದಾಯವಾಗುತ್ತಿತ್ತು.

ಆಗ ನೆನಪಾದದ್ದು ಅದೇ ಛತ್ರ. ಹಾಲು ತೆಗೆಯುವ ತಾಯಿಗೆ ಒಗ್ಗದ ಆ ಜಾಗ ಅಪ್ಪ, ಮಗನಿಗೆ ಚೆನ್ನಾಗಿಯೇ ಒಗ್ಗಿತು. ಅವರಿಗೆ ನಡುರಾತ್ರಿ ಗೇಟು ತೆಗೆಯಬೇಕಿರಲಿಲ್ಲ. ಕುಟುಂಬಗಳಿಗೆ ಆಸ್ಪತ್ರೆಯ ಬಳಿ ಮನೆ ಎಂಬ ಯೋಚನೆ ಇಂಥವರಿಗಾಗಿಯೇ ಹುಟ್ಟಿದ್ದು. ಫಿಲಡೆಲ್ಫಿಯಾದಲ್ಲಿ 1974ರಲ್ಲಿ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ತೆರೆದಾಗ ಡಾಕ್ಟರ್ ಆಡ್ರಿ ಇವಾನ್ಸ್ ಅವರ ಮನಸ್ಸಿನಲ್ಲಿದ್ದದ್ದು ಕ್ಯಾನ್ಸರ್ ಪೀಡಿತ ಮಕ್ಕಳ ಮನೆಯವರು, ಆಸ್ಪತ್ರೆಯ ಕುರ್ಚಿಗಳಲ್ಲಿ ರಾತ್ರಿ ಕಳೆಯುತ್ತಿದ್ದವರು. ಆ ಮಾದರಿ ಜಗತ್ತಿನ ತುಂಬ ಹಬ್ಬಿದೆ, ಒಳ್ಳೆಯದೇ. ಆದರೆ ಹೊರಗಿನ ಮನೆ ಒಂದು ಅಗತ್ಯ, ಒಳಗಿನ ಮಂಚ ಇನ್ನೊಂದು. ಒಂದನ್ನು ಕೊಟ್ಟು ಇನ್ನೊಂದನ್ನೂ ಕೊಟ್ಟೆವೆಂದು ಬರೆದುಕೊಂಡದ್ದೇ ನನ್ನ ತಪ್ಪು.

31ನೇ ದಿನ ಅಪ್ಪ, ಮಗ ಬಂದರು, ಮೂರು ರಾತ್ರಿ ಇದ್ದರು. ಒಡಹುಟ್ಟಿದವರಿಗೆ ಪ್ರವೇಶವಿಲ್ಲ ಎಂಬ ಫಲಕವಿತ್ತು. ನೆಗಡಿ, ಜ್ವರ ಇಲ್ಲವೆಂದು ನೋಡಿ, ಮೊಳಕೈವರೆಗೆ ಕೈ ತೊಳೆಸಿ, ಹತ್ತು ನಿಮಿಷಕ್ಕೆ ಒಳಗೆ ಬಿಟ್ಟೆವು. ಹುಡುಗ ಗಾಜಿನೊಳಗೆ ಬಹಳ ಹೊತ್ತು ನೋಡಿ, "ಇದಕ್ಕಾ?" ಎಂದ. ಅಷ್ಟೇ. ಆಮೇಲೆ ಅಮ್ಮನ ಮಂಚದ ಮೇಲೆ ಬೂಟು ಹಾಕಿಕೊಂಡೇ ಮಲಗಿಬಿಟ್ಟ. ಅಪ್ಪ ಮೊದಲ ಸಲ ಅಂಗಿ ಗುಂಡಿ ಬಿಚ್ಚಿ ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡದ್ದೂ ಅಂದೇ. ಗ್ರೀಸು ಎಷ್ಟು ಉಜ್ಜಿದರೂ ಹೋಗಿರಲಿಲ್ಲ ಎಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಸಿಸ್ಟರ್ ಆ ಕೈಯನ್ನು ತೆಗೆದು ಮಗುವಿನ ಬೆನ್ನ ಮೇಲಿಟ್ಟರು.

ಮನೆಗೆ, ಮತ್ತು ಮತ್ತೆ

ಕೊನೆಯ ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗರ್ಭದ ಲೆಕ್ಕದಲ್ಲಿ 34 ವಾರದ ಹೊತ್ತಿಗೆ ಮಗು ಬಾಯಿ ಹಚ್ಚಲು ಕಲಿತು, ನಳಿಗೆ ಹೋಯಿತು. ಹೊರಡುವ ಮುಂಚಿನ ಎರಡು ರಾತ್ರಿ ತಾಯಿ, ತಂದೆ, ಮಗು ಮೂವರನ್ನೂ ಒಂದೇ ಕೋಣೆಯಲ್ಲಿ ಮಾನಿಟರ್ ಇಲ್ಲದೆ ಮಲಗಿಸಿದೆವು. ಮೊದಲ ರಾತ್ರಿ ತಾಯಿ ಆರು ಸಲ ಸಿಸ್ಟರನ್ನು ಕರೆದಳು. ಕಾರಣ ಸದ್ದಿಲ್ಲದಿರುವುದು. ಐವತ್ತು ದಿನ ಟೀಂ ಟೀಂ ಕೇಳಿದ ಕಿವಿಗೆ ನಿಶ್ಶಬ್ದವೇ ಅಪಾಯದಂತೆ ಕೇಳುತ್ತದೆ. ಎರಡನೇ ರಾತ್ರಿ ಒಂದೇ ಸಲ ಕರೆದಳು. 52ನೇ ದಿನ 1,960 ಗ್ರಾಂ ತೂಕದೊಂದಿಗೆ ಮನೆಗೆ ಹೋದರು.

ಡಿಸ್ಚಾರ್ಜ್ ಎಂದರೆ ಮುಗಿಯಿತೆಂದಲ್ಲ. ಇಷ್ಟು ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟವನ್ನು ನಾಲ್ಕನೇ ವಾರದ ಹೊತ್ತಿಗೆ ಮೊದಲ ಸಲ ನೋಡಬೇಕು, ಪೂರ್ತಿ ಬೆಳೆಯುವವರೆಗೆ ಮತ್ತೆ ಮತ್ತೆ ನೋಡಬೇಕು. ಒಂದು ತಾರೀಖು ತಪ್ಪಿದರೆ ದೃಷ್ಟಿಯೇ ಹೋಗಬಹುದು. ಎರಡು ಪರೀಕ್ಷೆ ಒಳಗಿದ್ದಾಗಲೇ ಆಗಿತ್ತು. ಮೂರನೆಯದು ಹೋದ ಮೇಲೆ, ಬೆಳಿಗ್ಗೆ 9ಕ್ಕೆ. 140 ಕಿಲೋಮೀಟರ್ ದೂರದಿಂದ ಎರಡು ಕಿಲೋ ಕೂಸನ್ನು ಎತ್ತಿಕೊಂಡು 9ಕ್ಕೆ ತಲುಪಬೇಕಾದರೆ ಎಷ್ಟು ಹೊತ್ತಿಗೆ ಹೊರಡಬೇಕು? ತಾರೀಖು ಬರೆಯುವ ಕಾರ್ಡಿನ ಮೇಲೆಯೇ ಈ ಸಲ ಹಿಂದಿನ ರಾತ್ರಿಯ ಛತ್ರದ ಮಂಚದ ನಂಬರನ್ನೂ ಬರೆದುಕೊಟ್ಟೆ.

ಬಂದರು. ಪರೀಕ್ಷೆ ಮುಗಿಸಿ ಆಕೆ ಮಗುವನ್ನು ಎತ್ತಿಕೊಂಡು ಮೇಲಿನ ಕೋಣೆಯವರೆಗೆ ಹೋದಳು. ಆಕೆಯ ಮಂಚದಲ್ಲಿ 26ನೇ ವಾರಕ್ಕೆ ಹುಟ್ಟಿದ ಮಗುವಿನ ತಾಯಿಯೊಬ್ಬಳು, ಬಂದು ಎರಡೇ ದಿನವಾದವಳು, ಪಂಪಿನ ಭಾಗಗಳನ್ನು ಮಡಿಲಲ್ಲಿ ಹರವಿಕೊಂಡು ಯಾವುದನ್ನು ಯಾವುದಕ್ಕೆ ಸೇರಿಸುವುದೆಂದು ತಿಳಿಯದೆ ಕೂತಿದ್ದಳು. ಇವಳು ಮಗುವನ್ನು ಗಂಡನ ಕೈಗೆ ಕೊಟ್ಟು, ತೊಟ್ಟಿಯಲ್ಲಿ ಕೈ ತೊಳೆದು, ಪಕ್ಕದಲ್ಲಿ ಕೂತಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.